ಮಾಮಾ ಮತ್ತು ತ್ರಿಯೇಕ ದೇವರು

ಪಾದ್ರಿಯವರು ಕೇಳಿದ್ದು ಒಂದೇ ಪ್ರಶ್ನೆ. ಅದಕ್ಕೆ ನಾನು ಕೊಟ್ಟ ಉತ್ತರದಿಂದ ನನ್ನ ಮದುವೆಯೇ ಮುರಿದು ಬೀಳುವ ಹಾಗಾಯಿತು. ಇಷ್ಟು ವರ್ಷಗಳ ಮೇಲೂ ಆ ಪ್ರಶ್ನೆಯ ಸರಿಯಾದ ಉತ್ತರ ನನಗೆ ಗೊತ್ತಿಲ್ಲ. ಗೊತ್ತಿದೆ ಎನ್ನುವವರನ್ನು ಕಂಡರೆ ಸ್ವಲ್ಪ ಸಿಟ್ಟೂ ಬರುತ್ತದೆ.

ಅದು ಐವತ್ತರ ದಶಕದ ಕೊನೆ. ನಾನು ಶಿಗ್ಗಾವಿ ಕಡೆಯವಳು. ಹಂಸಭಾವಿ ಹತ್ತಿರದ ಹಳ್ಳಿಗೆ ನನ್ನನ್ನು ಕೊಟ್ಟಿದ್ದರು. ಕೊಟ್ಟದ್ದು ಹೊರಗಿನವರಿಗಲ್ಲ, ನನ್ನ ಅವ್ವನ ಖಾಸಾ ತಮ್ಮನಿಗೆ. ಅಕ್ಕನ ಮಗಳನ್ನು ಮನೆಗೆ ತಂದುಕೊಳ್ಳುವುದು ನಮ್ಮ ಕಡೆ ಯಾರೂ ಹುಬ್ಬೇರಿಸುವ ಸಂಗತಿಯಲ್ಲ. ಚಿಕ್ಕವಳಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಬಂಕಾಪುರದ ಕೋಟೆಯಲ್ಲಿ ನವಿಲು ತೋರಿಸಿದ್ದ ಮಾಮಾನೇ ಮುಂದೆ ನನಗೆ ತಾಳಿ ಕಟ್ಟಿದ. ಅತ್ತೆಯಾಗಿ ಸಿಕ್ಕವಳು ನನ್ನ ಸ್ವಂತ ಅಜ್ಜಿ. ಗಂಡನನ್ನು ಏನೆಂದು ಕರೆಯಬೇಕೆಂದು ಹೊಸ ಸೊಸೆಯಂದಿರು ಒದ್ದಾಡುತ್ತಾರಲ್ಲ, ನನಗೆ ಆ ಕಷ್ಟವೇ ಬರಲಿಲ್ಲ. ಮಾಮಾ ಎಂದೇ ಕರೆದೆ, ಮಾಮಾ ಎಂದೇ ಜಗಳವಾಡಿದೆ.

ಮದುವೆಯ ಮರುವರ್ಷ ಮಳೆಗಾಲದಲ್ಲಿ ಮಾಮಾಗೆ ವಿಷಮಜ್ವರ ಬಂತು. ಮಿಶನ್ ದವಾಖಾನೆಯಲ್ಲಿ ಹೆಣದಂತೆ ಮಲಗಿದ್ದವನು ಎದ್ದು ಬಂದ. ಬರುವಾಗ ಒಬ್ಬ ಹೊಸ ದೇವರನ್ನೂ ಕರೆದುಕೊಂಡು ಬಂದ. ಅಲ್ಲಿದ್ದ ನರ್ಸಮ್ಮ ದಿನಾ ಅವನ ಹಣೆಯ ಮೇಲೆ ಕೈಯಿಟ್ಟು ಯೇಸುವಿನ ಹೆಸರು ಹೇಳುತ್ತಿದ್ದಳಂತೆ.

"ದೀಕ್ಷಾಸ್ನಾನ ತೊಗೊಂಡ್ರ ಇಬ್ರೂ ಕೂಡೇ ತೊಗೊಳ್ಳೂಣು. ನೀ ಒಲ್ಲೆ ಅಂದ್ರ ನಾನೂ ಒಲ್ಲೆ" ಎಂದ ಮಾಮಾ.

ಹೀಗೆ ಹೇಳಿ ಭಾರವನ್ನೆಲ್ಲ ನನ್ನ ತಲೆಯ ಮೇಲೆ ಹಾಕಿದ. ಅವನನ್ನು ಬದುಕಿಸಿ ಕೊಟ್ಟ ದೇವರಿಗೆ ಒಲ್ಲೆ ಎನ್ನಲು ನನಗೂ ಬಾಯಿ ಬರಲಿಲ್ಲ. ಅಜ್ಜಿ ಮಾತ್ರ, "ನನ್ನ ದ್ಯಾವ್ರ ಗೂಡಿಗೆ ಕೈ ಹಚ್ಚಬ್ಯಾಡ್ರಿ, ಉಳದದ್ದು ನಿಮಗ ಬಿಟ್ಟದ್ದು" ಎಂದು ಸುಮ್ಮನಾದಳು.

ಹಾನಗಲ್ಲಿನಲ್ಲಿದ್ದ ಪಾದ್ರಿಯವರು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು ನಮ್ಮ ಪಡಸಾಲೆಯಲ್ಲಿ ಕುಳಿತು ಪಾಠ ಹೇಳುತ್ತಿದ್ದರು. ಸೃಷ್ಟಿ, ಪಾಪ, ಶಿಲುಬೆ, ಎಲ್ಲ ನನಗೆ ಬೇಗ ಹತ್ತಿತು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು, ಆ ಜಂಬವೂ ಇತ್ತು. ಎಡವಿದ್ದು ತ್ರಿಯೇಕ ದೇವರ ಹತ್ತಿರ. ತಂದೆ ದೇವರು, ಮಗ ದೇವರು, ಪವಿತ್ರಾತ್ಮ ದೇವರು. ಆದರೆ ಮೂವರು ದೇವರಲ್ಲ, ಒಬ್ಬನೇ. ಹಾಗಂತ ತಂದೆಯೇ ಮಗನಲ್ಲ, ಮಗನೇ ಆತ್ಮನಲ್ಲ. ನಾನು ಬೆರಳು ಮಡಚಿ ಎಣಿಸಿದೆ, ಮೂರೇ ಬಂತು. ಮತ್ತೆ ಎಣಿಸಿದರೂ ಮೂರೇ. ಅಜ್ಜಿ ಒಳಗಿನಿಂದಲೇ, "ಬ್ರಹ್ಮ ವಿಷ್ಣು ಮಹೇಶ್ವರ ಅನ್ನು, ಮುಗೀತು" ಎಂದಳು. ಪಾದ್ರಿಯವರು ಅದೂ ಅಲ್ಲ ಎಂದರು. ಯಾವುದು ಅಲ್ಲ ಎನ್ನುವುದನ್ನು ಅವರು ಬಹಳ ಚೆನ್ನಾಗಿ ಹೇಳುತ್ತಿದ್ದರು.

ಮಾಮಾಗೆ ಇದು ತೊಡಕೇ ಆಗಲಿಲ್ಲ. "ಕರದ್ರ ಓ ಅಂತಾನ, ಸಾಕಲ್ಲ" ಎನ್ನುತ್ತಿದ್ದ. ನನಗೆ ಸಾಕಾಗುತ್ತಿರಲಿಲ್ಲ. ಯಾರನ್ನು ಕರೆಯಬೇಕು ಎಂದು ಮೊದಲು ಗೊತ್ತಾಗಬೇಕಲ್ಲ! ಒಂದು ದಿನ ಎಮ್ಮೆ ಈಯಲಾರದೆ ಒದ್ದಾಡುತ್ತಿತ್ತು. ಬಾಲದ ಹತ್ತಿರ ನಿಂತು "ತಂದೆಯೇ" ಎಂದೆ. ತಂದೆಯೊಬ್ಬನನ್ನೇ ಕರೆದರೆ ಮಗನಿಗೆ ಬೇಸರವಾದೀತು ಎನಿಸಿ "ಯೇಸಪ್ಪಾ" ಎಂದೆ. ತುಂಬಿದ ಮನೆಯಲ್ಲಿ ಬೆಳೆದವಳು ನಾನು, ಒಬ್ಬರನ್ನು ಕೇಳಿ ಇನ್ನೊಬ್ಬರನ್ನು ಬಿಟ್ಟರೆ ಏನಾಗುತ್ತದೆಂದು ಬಲ್ಲೆ. ಪವಿತ್ರಾತ್ಮನನ್ನು ಏನೆಂದು ಕರೆಯಲಿ ಎಂದು ಯೋಚಿಸುವಷ್ಟರಲ್ಲಿ ಕರು ಹೊರಬಿತ್ತು. ಉಪಕಾರ ಯಾರಿಗೆ ಹೇಳಬೇಕೆಂದು ತಿಳಿಯದೆ ಎಮ್ಮೆಗೇ ಹೇಳಿದೆ.

ಯುಗಾದಿ ಕಳೆದ ಮೇಲೆ ಪಾದ್ರಿಯವರು ಕೊನೆಯ ಪರೀಕ್ಷೆಗೆಂದು ಬಂದರು. ಉತ್ತರ ಸರಿಯಾದರೆ ಮುಂದಿನ ತಿಂಗಳೇ ಹಾನಗಲ್ಲಿನಲ್ಲಿ ಇಬ್ಬರಿಗೂ ದೀಕ್ಷಾಸ್ನಾನ. ಅವತ್ತು ಬೆಳಿಗ್ಗೆ ರೊಟ್ಟಿ ಬಡಿಯುವಾಗ ನನಗೆ ಥಟ್ಟನೆ ಹೊಳೆದಿತ್ತು. ಇಷ್ಟು ದಿನ ಉತ್ತರ ನಮ್ಮ ಮನೆಯಲ್ಲೇ ಓಡಾಡುತ್ತಿತ್ತಲ್ಲ ಎಂದು ಒಬ್ಬಳೇ ನಕ್ಕಿದ್ದೆ.

"ಹೇಳವ್ವಾ, ಮೂವರು ಹೆಂಗ ಒಬ್ಬ?" ಎಂದರು ಪಾದ್ರಿಯವರು.

"ನಮ್ಮ ಮಾಮಾನ್ನ ನೋಡ್ರಿ. ನಮ್ಮವ್ವನ ತಮ್ಮ, ಅದಕ್ಕ ನನಗ ಮಾಮಾ. ತಾಳಿ ಕಟ್ಟ್ಯಾನ, ಅದಕ್ಕ ಗಂಡ. ನಮ್ಮವ್ವಗ ಅಳಿಯಾನೂ ಹೌದು. ಮೂರೂ ಅವನ ಆದ್ರೂ ಉಣ್ಣಾಕ ಕುಂತ್ರ ತಾಟು ಒಂದ. ದೇವ್ರೂ ಹಂಗ ಇರಬೇಕ್ರಿ."

ಅವರು ನಗುತ್ತಾರೆಂದು ಕಾದೆ. ಅವರು ಚಹಾದ ಬಸಿ ಕೆಳಗಿಟ್ಟರು.

"ಖಾಸಾ ತಮ್ಮನ ಏನವ್ವಾ?"

"ಹೌದ್ರಿ, ಅವ್ವನ ಬೆನ್ನಿಗೆ ಬಿದ್ದಾಂವ."

ಅವರು ಮಾಮಾನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಆಮೇಲೆ, "ನೀ ಹೇಳಿದ್ದು ತಪ್ಪೈತಿ. ಮಗ ತಂದಿಗೆ ಪ್ರಾರ್ಥನಾ ಮಾಡ್ತಾನ, ತಂದಿ ಮಗನ್ನ ಕಳಸ್ತಾನ. ನಿನ್ನ ಮಾಮಾ ನಿನ್ನ ಗಂಡನ ಕೂಡ ಮಾತಾಡ್ತಾನೇನು?" ಎಂದರು.

"ದಿನಾ ಮಾತಾಡ್ತಾನ್ರಿ, ನೇಗಿಲ ಹಿಂದ ಒಬ್ಬನ ನಡಕೋತ" ಎಂದೆ.

ಮಾಮಾ ತಲೆ ತಗ್ಗಿಸಿದ. ಪಾದ್ರಿಯವರು ಅವನ ಕಡೆ ತಿರುಗಿದರು. "ಅದು ಇರ್ಲಿ. ನಮ್ಮ ಸಭಾದಾಗ ಅಕ್ಕನ ಮಗಳನ್ನ ಮದಿವಿ ಆಗಂಗಿಲ್ಲಪಾ. ಇಷ್ಟ ದಿನಾ ನನಗ ಯಾರೂ ಹೇಳಲಿಲ್ಲ. ನಿಮ್ಮ ಮದಿವಿ ನಡೀತೈತೋ ಇಲ್ಲೋ, ಸಭಾದ ಹಿರೇರನ್ನ ಕೇಳಬೇಕು."

ಯಾರೂ ಹೇಳಲಿಲ್ಲ ಎಂದರೆ, ಯಾರೂ ಕೇಳಿರಲಿಲ್ಲ. ಎಲ್ಲರಿಗೂ ಗೊತ್ತಿದ್ದ ಸಂಗತಿಯನ್ನು ಹೇಳಬೇಕೆಂದು ನಮಗೆ ಹೊಳೆಯುವುದಾದರೂ ಹೇಗೆ? ಅವರು ಬಸ್ಸು ಹಿಡಿಯಲು ಹೋದ ಮೇಲೂ ನಾನು ಪಡಸಾಲೆಯ ಕಂಬ ಹಿಡಿದು ನಿಂತೇ ಇದ್ದೆ. ದೇವರ ಲೆಕ್ಕ ಬಿಡಿಸಲು ಹೋಗಿ ಗಂಡನನ್ನು ಕಳೆದುಕೊಳ್ಳುತ್ತೇನೇನೋ ಎನಿಸತೊಡಗಿತು.

ಅವತ್ತೇ ಮಾಮಾ ತನ್ನ ಕೌದಿ ಎತ್ತಿಕೊಂಡು ದನದ ಕೊಟ್ಟಿಗೆಗೆ ಹೋದ. "ಹಿರೇರು ಹೇಳೂತನಕ ನಾ ನಿನಗ ಮಾಮಾ ಅಷ್ಟ" ಎಂದ.

ಹೇಳಿದ ಹಾಗೆಯೇ ನಡೆದುಕೊಂಡ. ಹಿರೇಕೆರೂರಿನ ಸಂತೆಯಿಂದ ನನಗೆ ಬೆಂಡು ಬತ್ತಾಸು ತಂದ, ಚಿಕ್ಕವಳಿದ್ದಾಗ ತರುತ್ತಿದ್ದ ಹಾಗೆ. ಊಟ ಮಾಡಿದೆಯಾ ಎಂದು ವಿಚಾರಿಸಿದ. ಕಾಲಿಗೆ ಮುಳ್ಳು ನೆಟ್ಟರೆ ತೆಗೆದುಕೊಟ್ಟ. ಆದರೆ ಊಟವಾದ ಮೇಲೆ ನನ್ನ ಕೈಯಿಂದ ಎಲೆ ಅಡಿಕೆ ತೆಗೆದುಕೊಳ್ಳುವುದನ್ನು ಬಿಟ್ಟ. ಮದುವೆಯಾದಂದಿನಿಂದ ಸವಣೂರಿನ ಎಲೆಗೆ ಸುಣ್ಣ ಹಚ್ಚಿ, ಮಡಚಿ, ಅವನ ಕೈಗೆ ಕೊಡುವವಳು ನಾನು. ಈಗ ತಾನೇ ಹಚ್ಚಿಕೊಂಡು, ಕಟ್ಟೆಗೆ ಹೋಗಿ ಒಬ್ಬನೇ ಮೆಲ್ಲುತ್ತಿದ್ದ. ಆ ಬತ್ತಾಸುಗಳನ್ನು ನಾನು ತಿನ್ನಲಿಲ್ಲ, ಇರುವೆಗೆ ಹಾಕಿದೆ.

ಅಜ್ಜಿಗೆ ಮೊದಮೊದಲು ತಮಾಷೆಯಾಗಿತ್ತು. "ನಮ್ಮ ಮನ್ಯಾಗ ಯಾರು ಯಾರಿಗೆ ಏನಾಗಬೇಕು ಅಂತ ಹೇಳೂದ್ರಾಗ ಹೊತ್ತು ಮುಳಗತೈತಿ. ಇದನ್ನ ಬಿಡಸಾಕ ಹಾನಗಲ್ಲಿನ್ಯಾವ್ರ ಬೇಕಾ?" ಎನ್ನುತ್ತಿದ್ದಳು. ಮಳೆ ಹಿಡಿದ ಮೇಲೆ ಅವಳೂ ನಗುವುದನ್ನು ನಿಲ್ಲಿಸಿದಳು.

ಒಂದು ಬೆಳಿಗ್ಗೆ ನನಗೆ ತಡೆಯಲಾಗಲಿಲ್ಲ. ಹಾಲು ಹಿಂಡಲು ಹೋದವಳು ಚರಿಗೆ ಕುಕ್ಕಿ ಕೇಳಿದೆ. "ಮಾಮಾ ನನಗ ಹುಟ್ಟಿದಾಗಿಂದ ಅದಾನ. ಗಂಡನ್ನ ಎಲ್ಲಿ ಇಟ್ಟಿ, ಅದನ್ನ ಹೇಳು."

ಅವನು ಗೋದಲಿಯ ಮೇಲೆ ಕುಳಿತುಬಿಟ್ಟ. "ಯೇಸಪ್ಪನ ಹೆಸರು ಹಿಡದು ಬದುಕೀನಿ. ಅವ ಬ್ಯಾಡ ಅಂದದ್ದು ಹೆಂಗ ಮಾಡ್ಲಿ? ನಿನ್ನ ಹೆಂಗ ಬಿಡ್ಲಿ? ನನಗೂ ತಿಳೀವಲ್ದು" ಎಂದ. ಕಣ್ಣಲ್ಲಿ ನೀರಿತ್ತು. ಅವನು ಅಳುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಬೈಯಲು ಬಂದವಳು ಎಮ್ಮೆಯ ಮೈಗೆ ಒರಗಿ ನಾನೂ ಅತ್ತೆ. ಅವತ್ತು ಯಾವ ದೇವರನ್ನೂ ಕರೆಯಲಿಲ್ಲ. ಮೂವರ ಮೇಲೂ ಸಿಟ್ಟಿತ್ತು, ಒಬ್ಬನ ಮೇಲೂ ಇತ್ತು.

ಹತ್ತಿ ಬಿಡಿಸುವ ಹೊತ್ತಿಗೆ ಪಾದ್ರಿಯವರು ಮತ್ತೆ ಬಂದರು. ಅಂಗಳದಲ್ಲಿ ನಿಂತೇ ಹೇಳಿದರು. "ಹಿರೇರು ಕೂಡಿ ಮಾತಾಡ್ಯಾರ. ನಮ್ಮ ಕಡೆ ಬರೂಕಿಂತ ಮೊದ್ಲ ಆದ ಮದಿವಿ ಒಡೀಬಾರದು ಅಂದ್ರು. ಮುಂದ ನಿಮ್ಮ ಮಕ್ಕಳಿಗೆ ಹಿಂಗ ಮಾಡಬ್ಯಾಡ್ರಿ, ಅಷ್ಟ."

ಮಾಮಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ನಾನು ಹೊಸ್ತಿಲ ಮೇಲೆ ಕುಳಿತುಬಿಟ್ಟೆ. ಪಾದ್ರಿಯವರು ಕಟ್ಟೆಯ ಮೇಲೆ ಕುಳಿತು ನೀರು ಕುಡಿದು, ಸುಧಾರಿಸಿಕೊಂಡು, ನನ್ನ ಕಡೆ ನೋಡಿದರು. ಪರೀಕ್ಷೆ ಇನ್ನೂ ಮುಗಿದಿರಲಿಲ್ಲ.

"ಈಗ ಹೇಳವ್ವಾ. ಮೂವರು ಹೆಂಗ ಒಬ್ಬ?"

"ತಿಳೀವಲ್ದುರಿ" ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು, ಬಾಯಿ ನಿಲ್ಲಲಿಲ್ಲ. "ಇಷ್ಟ ದಿನಾ ನನಗ ಮಾಮಾ ಒಬ್ಬನ ಸಿಕ್ಕಿದ್ದ. ಒಳ್ಳೇಂವನ ಇದ್ದ, ಆದ್ರ ಗಂಡ ಇಲ್ಲದ ಅವನೂ ಅರ್ಧಾ ಆಗಿದ್ದ. ಗಂಡನ್ನ ಬಿಡು ಅಂದಿದ್ರ ಮಾಮಾನೂ ಎದ್ದು ಹೋಗ್ತಿದ್ದನ್ರಿ, ಮಾಮಾ ಒಬ್ಬನ ಉಳಕೊಳ್ಳಾಕ ಬರ್ತಿದ್ದಿಲ್ಲ. ನಿಮ್ಮ ದೇವ್ರು ಬರೂದಾದ್ರ ಪೂರಾ ಬರ್ಲಿ. ಮಗನ್ನ ಬಿಟ್ಟು ಬರೂ ತಂದಿ ನನಗ ಬ್ಯಾಡ. ಆತ್ಮಾ ಅಂದ್ರ ಯಾರೋ ನನಗ ಇನ್ನೂ ಗೊತ್ತಿಲ್ಲ, ಆದ್ರ ಅವನೂ ಬರ್ಲಿ."

ಪಾದ್ರಿಯವರು, "ಇದೂ ಪೂರಾ ಸರಿ ಅಲ್ಲ" ಎಂದರು. ಟೋಪಿ ತಲೆಗಿಟ್ಟುಕೊಂಡು ಎದ್ದರು. "ಮುಂದಿನ ಐತವಾರ ಹಾನಗಲ್ಲಿಗೆ ಬರ್ರಿ. ಇಬ್ರೂ."

ಹಾನಗಲ್ಲಿನ ಪ್ರಾರ್ಥನಾ ಮಂದಿರ ನಾಡಹೆಂಚಿನ ಸಣ್ಣ ಮನೆ. ಬೋಗುಣಿಯಿಂದ ನನ್ನ ತಲೆಯ ಮೇಲೆ ನೀರು ಬಿತ್ತು, ತಂದೆಯ ಹೆಸರಿಗೊಮ್ಮೆ, ಮಗನ ಹೆಸರಿಗೊಮ್ಮೆ, ಪವಿತ್ರಾತ್ಮನ ಹೆಸರಿಗೊಮ್ಮೆ. ಎಣಿಸಬಾರದೆಂದುಕೊಂಡರೂ ಎಣಿಸಿದೆ. ಮೂರು ಸಲ ಸುರಿದ ನೀರು ಕುತ್ತಿಗೆಯ ಹತ್ತಿರ ಕೂಡಿಕೊಂಡು ಬೆನ್ನಿಗಿಳಿಯಿತು. ಚಳಿಯಾಯಿತು. ಬೇರೇನೂ ತಿಳಿಯಲಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದಾಗ ಮಾಮಾ ಹೆಗಲ ವಸ್ತ್ರ ತೆಗೆದು ನನ್ನ ತಲೆ ಒರೆಸತೊಡಗಿದ. ಬಂಕಾಪುರದಲ್ಲಿ ಮಳೆಗೆ ಸಿಕ್ಕಾಗ ಒರೆಸುತ್ತಿದ್ದನಲ್ಲ, ಹಾಗೇ ಗಸಗಸ, ಕಿವಿ ಉರಿಯುವಂತೆ. ಸಭೆಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಒರೆಸಿ ಮುಗಿಸಿ, ವಸ್ತ್ರ ಹೆಗಲಿಗೆ ಹಾಕಿಕೊಂಡು, ನನ್ನ ಮುಂದೆ ಅಂಗೈ ಚಾಚಿದ.

"ಎಲಿ ಮಡಚಿ ಕೊಡು" ಎಂದ.

ಸೊಂಟದಲ್ಲಿದ್ದ ಎಲೆ ಅಡಿಕೆಯ ಚಂಚಿ ಬಿಚ್ಚಿದೆ. ಅವಸರದಲ್ಲಿ ಸುಣ್ಣ ಹೆಚ್ಚಾಯಿತು. ಅವನು ಬಾಯಿ ಸುಟ್ಟುಕೊಂಡರೂ ಉಗುಳದೆ ಮೆದ್ದ.

ಈಗ ಮಾಮಾ ಇಲ್ಲ. ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗ ಯಾರನ್ನು ಕರೆಯುತ್ತಿದ್ದೇನೆಂದು ನನಗೆ ಇಂದಿಗೂ ಗೊಂದಲವೇ. ಆಗೆಲ್ಲ ಆ ಬೇವಿನ ಮರದ ಕೆಳಗೆ ನನ್ನ ತಲೆ ಒರೆಸಿದ ಕೈ, ಎಲೆಗೆಂದು ಚಾಚಿದ ಕೈ, ಎರಡೂ ನೆನಪಾಗುತ್ತವೆ. ಮಾಮಾನ ಉದಾಹರಣೆ ತಪ್ಪು ಎಂದು ಪಾದ್ರಿಯವರು ಎರಡು ಸಲ ಹೇಳಿದ್ದಾರೆ. ನನ್ನ ಹತ್ತಿರ ಬೇರೆ ಇಲ್ಲ.