ತೊಟ್ಟಿಯೊಳಗಿನ ಲೋಳೆ

ನೀರಿನ ತೊಟ್ಟಿಗೆ ಹಿಡಿಯುವ ಲೋಳೆಯೇ ನನ್ನ ಸಂಶೋಧನೆಯ ವಿಷಯ. ಅದನ್ನು ಬೆಳೆಸಲೆಂದು ಕಮತಗಿಯ ಬೀಬಿಜಾನ್ ಅವರ ಮನೆಯ ತೊಟ್ಟಿಯಲ್ಲಿ ಗಾಜಿನ ಪಟ್ಟಿಗಳನ್ನು ಇಳಿಬಿಟ್ಟು, ‘ಇವನ್ನ ಯಾರೂ ಮುಟ್ಟಬ್ಯಾಡ್ರಿ’ ಎಂದು ಹೇಳಿ ಬಂದು ಕೆಲವು ವಾರಗಳಾಗಿದ್ದವು. ಆ ಲೋಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಲು ಮರುದಿನ ಶಾಲೆಯ ಮಕ್ಕಳು ನಮ್ಮ ವಿಶ್ವವಿದ್ಯಾಲಯಕ್ಕೆ ಬರುವವರಿದ್ದರು. ಪಟ್ಟಿಗಳನ್ನು ತರಲು ಬಸ್ಸು ಹತ್ತಿದವಳಿಗೆ ದಾರಿಯುದ್ದಕ್ಕೂ ತಳಮಳ. ತೊಟ್ಟಿ ಬತ್ತಿದ್ದರೆ? ಲೋಳೆ ಹಿಡಿಯದೇ ಇದ್ದರೆ?

ಬೀಬಿಜಾನ್ ಬಾಗಿಲಲ್ಲೇ ನಕ್ಕರು. ‘ಬರ್ರಿ. ನೀವು ಫೋನ್ ಮಾಡಿದ ಕೂಡ್ಲೆ ತೊಟ್ಟಿ ತೊಳದೇನ್ರಿ.’

ಪಟ್ಟಿಗಳು ಕಟ್ಟೆಯ ಮೇಲೆ ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು.

‘ಮುಟ್ಟಬ್ಯಾಡ್ರಿ ಅಂದಿದ್ನಲ್ರಿ!’

‘ಯಾರಿಗೂ ಮುಟ್ಟಾಕ ಬಿಟ್ಟಿಲ್ರಿ. ನಾನ ಬೂದಿ ಹಚ್ಚಿ ತಿಕ್ಕೇನಿ. ಭಾಳ ಹೊಲಸ ಹತ್ತಿತ್ತು. ದೊಡ್ಡ ಸಾಲಿಯವ್ರು ನೋಡಿದ್ರ ಏನಂದಾರು?’

 ನೀರು ಕುಡಿಯಲೆಂದು ಚೀಲದಿಂದ ಬಾಟಲಿ ತೆಗೆದು ಮುಚ್ಚಳ ಬಿಚ್ಚಿದೆ. ಅದರ ಮುಚ್ಚಳದೊಳಗೆ ಇಣುಕಿದ ಬೀಬಿಜಾನ್ ಮುಖ ಕಿವುಚಿದರು. ‘ಛೀ, ಎಷ್ಟ ಲೋಳಿ ಹಿಡದೈತಿ! ಇದರಾಗ ನೀರ ಕುಡಿತೀರೇನ್ರಿ? ಕೊಡ್ರಿ, ತಿಕ್ಕತೇನಿ.’

ಬಾಟಲಿಯನ್ನು ಎದೆಗವಚಿಕೊಂಡು ಓಡಿ ಬಸ್ಸು ಹಿಡಿದೆ.

ಮರುದಿನ ಮಕ್ಕಳು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬೆರಗಾದರು. ಇದು ಯಾವ ತೊಟ್ಟಿಯದು ಎಂದು ಕೇಳಿದರು. ಕಮತಗಿಯದಂತೂ ಅಲ್ಲ ಎಂದಷ್ಟೇ ಹೇಳಿದೆ.