ಬೆಂಕಿ ಮುಂದಿನಿಂದ ಏಳದ ಕೆಂಪಾಜಮ್ಮ

ನಂಜನಗೂಡಿನಿಂದ ತಾಂಡ್ಯಕ್ಕೆ ಹೋಗುವ ದಾರಿಯಲ್ಲಿ, ತೊಂಬತ್ತರ ದಶಕದ ನಡುವಿನಲ್ಲಿ, ಉದ್ದನೆಯದೊಂದು ಶೀಟಿನ ಶೆಡ್ಡಿತ್ತು. ಹೊರಗಿನ ಬೋರ್ಡಿನಲ್ಲಿ ‘ಕಬ್ಬಿಣ ಮತ್ತು ಗಾಜು ಕೆಲಸಗಾರರ ಸಂಘ’ ಎಂದು ಬರೆದಿತ್ತು. ಒಳಗೆ ಹೋದವರಿಗೆ ಸಂಘ ಕಾಣುತ್ತಿರಲಿಲ್ಲ. ಎರಡು ಗುಂಪು, ನಡುವೆ ಹಗೆ. ಬಾಗಿಲಿಂದ ಬಲಕ್ಕೆ ಕಮ್ಮಾರರು, ವೆಲ್ಡಿಂಗಿನವರು. ಎಡಕ್ಕೆ, ಔಷಧಿಯ ಶೀಶೆ ಮಾಡುವ ಕಾರ್ಖಾನೆಯೊಂದು ಮುಚ್ಚಿದಾಗ ಬೀದಿಗೆ ಬಿದ್ದ ಗಾಜಿನ ಕೆಲಸದವರು. ಇಬ್ಬರಿಗೂ ಆಕ್ಸಿಜನ್ ಸಿಲಿಂಡರ್ ಬೇಕಿತ್ತು. ಒಟ್ಟಿಗೆ ತರಿಸಿದರಷ್ಟೇ ಮೈಸೂರಿನ ಲಾರಿ ಅಲ್ಲಿವರೆಗೆ ಬರುತ್ತಿತ್ತು. ಆ ಒಂದು ಗರಜಿಗೆ ಕಟ್ಟಿಕೊಂಡ ಸಂಘ ಅದು. ಕಮ್ಮಾರರು ಗಾಜಿನವರನ್ನು ‘ಊದೋರು’ ಎಂದು ಹೀಗಳೆಯುತ್ತಿದ್ದರು. ಗಾಜಿನವರು ಕಮ್ಮಾರರನ್ನು ‘ಬಡಿಯೋರು’ ಎನ್ನುತ್ತಿದ್ದರು. ಬಡಿಯೋರ ಸುತ್ತಿಗೆ ಜೋರಾಗಿ ಬಿದ್ದರೆ ಊದೋರ ಮೇಜು ನಡುಗಿ ಮಾಡಿಟ್ಟ ಗಾಜು ಉರುಳಿ ಒಡೆಯುತ್ತಿತ್ತು. ನಡುವೆ ಗೋಡೆ ಕಟ್ಟಬೇಕೆಂದು ಪ್ರತಿ ಸಭೆಯಲ್ಲೂ ಜಗಳವಾಗುತ್ತಿತ್ತು, ಗೋಡೆ ಏಳುತ್ತಿರಲಿಲ್ಲ.

ಕೆಂಪಾಜಮ್ಮ ಆ ಶೆಡ್ಡಿಗೆ ಬಂದದ್ದು ಗಂಡನ ಹಿಂದೆ. ಗಂಡ ಬೆಟ್ಟಸ್ವಾಮಿ ಮುಚ್ಚಿದ ಕಾರ್ಖಾನೆಯಲ್ಲಿ ಒಳ್ಳೆಯ ಕೈ ಎನಿಸಿಕೊಂಡವನು. ಡೇರಿಗಳಿಗೆ ಹಾಲಿನಲ್ಲಿ ತೇಲಿಸಿ ನೀರು ಬೆರೆತದ್ದನ್ನು ಕಂಡುಹಿಡಿಯುವ ಲ್ಯಾಕ್ಟೋಮೀಟರ್, ಕಾಲೇಜುಗಳಿಗೆ ಟೆಸ್ಟ್ ಟ್ಯೂಬು ಮಾಡಿಕೊಡುತ್ತಿದ್ದ. ಅವಳು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಗಾಜಿನ ಕೊಳವೆಗಳನ್ನು ಅರದಿಂದ ಗೀರಿ ತುಂಡು ಮಾಡಿಕೊಡುತ್ತಿದ್ದಳು. ಸೋಸಲೆ ಕಡೆಯ ಹೆಣ್ಣು, ಮೂಳೆ ದಪ್ಪ, ಮಾತು ಒರಟು. ಯಾರಾದರೂ ತಮಾಷೆ ಮಾಡಿದರೆ ನಗುವ ಬದಲು ಅವರ ಮುಖವನ್ನೇ ದಿಟ್ಟಿಸುತ್ತಿದ್ದಳು. ಅದಕ್ಕೇ ಅವಳನ್ನು ಯಾರೂ ಇಷ್ಟಪಡುತ್ತಿರಲಿಲ್ಲ.

ಒಂದು ದಿನ ಲಾರಿಯಿಂದ ಇಳಿಸುವಾಗ ಸಿಲಿಂಡರೊಂದು ಜಾರಿ ಬೆಟ್ಟಸ್ವಾಮಿಯ ಬಲಗೈ ಮೇಲೆ ಬಿತ್ತು. ಬೆರಳುಗಳು ಜಜ್ಜಿಹೋದವು. ಮೈಸೂರಿನ ಆಸ್ಪತ್ರೆಯಿಂದ ಬ್ಯಾಂಡೇಜು ಸುತ್ತಿಸಿಕೊಂಡು ಬಂದು ಮನೆಯಲ್ಲಿ ಮಲಗಿದ. ಮಾಡಿಕೊಡುತ್ತೇನೆಂದು ಒಪ್ಪಿಕೊಂಡಿದ್ದ ಕೆಲಸ ಹಾಗೇ ಉಳಿದಿತ್ತು. ಸಂಘದ ಅಧ್ಯಕ್ಷ ಸೋಮಶೇಖರ್ ಬಂದು, “ಗುಣ ಆಗೋವರೆಗೆ ನೀನೇ ಏನಾದ್ರೂ ಮಾಡಮ್ಮ,” ಎಂದ. ಕಿಟಕಿ ಗ್ರಿಲ್ಲು, ಗೇಟು ಮಾಡಿಸಿ ಮಾರುವ ಸೋಮಶೇಖರ್ ಕೈಗೆ ಮಸಿ ಮೆತ್ತಿಕೊಂಡವನಲ್ಲ. ಆ ಮಾತನ್ನು ಅವನು ಕರುಣೆಯಿಂದ ಹೇಳಿದನೋ ಕೆಲಸ ತಪ್ಪಬಾರದೆಂದು ಹೇಳಿದನೋ, ಕೆಂಪಾಜಮ್ಮ ಮಾತ್ರ ಮರುದಿನ ಬೆಳಿಗ್ಗೆ ಸೆರಗನ್ನು ಸೊಂಟಕ್ಕೆ ಬಿಗಿದು, ಗಾಜು ಕಾಯಿಸುವ ಗಂಡನ ಬರ್ನರ್ ಮುಂದೆ ಕೂತಳು.

ಎದುರು ಸಾಲಿನಿಂದ ಮೊದಲು ಕೂಗಿದವನು ಕುಲುಮೆಯ ದೊಡ್ಡಮಾದಯ್ಯ. ನೇಗಿಲ ಗುಳ, ಕುಡುಗೋಲು ಮಾಡುವ ಮುದುಕ, ಶೆಡ್ಡಿನಲ್ಲೇ ಅತಿ ಕೆಟ್ಟ ಬಾಯಿ.

“ಏನ್ಲಾ ಇದು? ಎಂಗುಸ್ನ ತಂದು ಬೆಂಕಿ ಮುಂದೆ ಕೂರ್ಸವ್ರೆ! ನಾಳೆ ನಮ್ ಕುಲುಮೇಲಿ ಮುದ್ದೆ ತಿರುವ್ತೀರಾ?”

“ನಿನ್ ಕುಲುಮೇಲಿ ಬೇಯೋದು ಮುದ್ದೇನೇ ಕಣ, ಅದ್ಕೇ ನಿನ್ ಕುಡ್ಲು ಉಲ್ಲು ಕುಯ್ಯಾಕಿಲ್ಲ,” ಎಂದಳು ಕೆಂಪಾಜಮ್ಮ, ಕಣ್ಣೆತ್ತದೆ.

ವೆಲ್ಡಿಂಗಿನ ಹುಡುಗರು ಬಿದ್ದು ಬಿದ್ದು ನಕ್ಕರು. ಮುದುಕನಿಗೆ ಅದು ಎದೆಯಲ್ಲಿ ಕೂತಿತು. ಅಂದಿನಿಂದ ಅವಳು ಲ್ಯಾಕ್ಟೋಮೀಟರಿನ ತೆಳು ಕತ್ತನ್ನು ಬೆಂಕಿಯಲ್ಲಿ ಎಳೆಯುವ ಹೊತ್ತನ್ನೇ ಕಾದು ಅವನು ಸುತ್ತಿಗೆ ಎತ್ತುತ್ತಿದ್ದ. ಅಡೆಗಲ್ಲಿನ ಮೇಲೆ ಬರಿಯ ಕಬ್ಬಿಣವನ್ನು, ಕೆಲಸವಿಲ್ಲದೆ, ಸುಮ್ಮನೆ ಹೊಡೆಯುತ್ತಿದ್ದ. ಮೇಜು ನಡುಗಿ ಅವಳ ಕೈಯ ಗಾಜು ಸೊಟ್ಟಗಾಗುತ್ತಿತ್ತು. ಅವಳು ಅದನ್ನು ಅವನ ಕಾಲ ಬಳಿ ಎಸೆದು ಹೊಸ ಕೊಳವೆ ತೆಗೆದುಕೊಳ್ಳುತ್ತಿದ್ದಳು. ಕಡೆಗೆ ಮೇಜಿನ ಕಾಲಿಗೆ ಹಳೆ ಟೈರು ಕತ್ತರಿಸಿ ಕಟ್ಟಿದಳು. ಸುತ್ತಿಗೆಯ ಏಟು ಏಳುತ್ತಿತ್ತು, ಮೇಜು ಅಲುಗುತ್ತಿರಲಿಲ್ಲ. ಅವಳ ಕೈ ಕುದುರಿತು.

ಬೆಟ್ಟಸ್ವಾಮಿಯ ಗಾಯ ಮಾಯಿತು. ಬೆರಳು ಮಡಚುತ್ತಿದ್ದವು, ಹಿಡಿತ ಮಾತ್ರ ಪೂರಾ ಬಂದಿರಲಿಲ್ಲ. ಆದರೂ ಒಂದು ಸೋಮವಾರ ಸ್ನಾನ ಮಾಡಿ, ನಂಜುಂಡೇಶ್ವರನಿಗೆ ಕೈಮುಗಿದು, ವಿಭೂತಿ ಇಟ್ಟುಕೊಂಡು ಶೆಡ್ಡಿಗೆ ಬಂದ.

“ಏಳಮ್ಮಿ. ನಾನ್ ಬಂದಿವ್ನಿ.”

ಅವಳು ಏಳಲಿಲ್ಲ. “ಆ ಪಕ್ಕದಲ್ಲಿ ಕೂತ್ಕ. ಕೊಳವೆ ಗೀರ್ಕೊಡು.”

“ನಾನಾ? ನಿಂಗೆ ನಾನ್ ಗೀರ್ಕೊಡ್ಬೇಕಾ?”

“ಇಷ್ಟ್ ದಿನ ನಾನ್ ಗೀರ್ಲಿಲ್ವಾ?”

ಎಲ್ಲರೆದುರು ಗಂಡನಿಗೆ ಹೀಗೆ ಹೇಳಿದ ಹೆಂಗಸನ್ನು ಶೆಡ್ಡಿನವರು ಕಂಡಿರಲಿಲ್ಲ. ಅವನಿಗೆ ಹೊಡೆಯಲು ಕೈ ಬಂತು, ಬಂದ ಕೈ ಜಜ್ಜಿಹೋದ ಕೈ. ಅಲ್ಲೇ ನಿಂತು ಒಂದು ಗಳಿಗೆ ಬೆಂಕಿಯನ್ನು ನೋಡಿ ಹೊರಟುಹೋದ. ಮನೆಯಲ್ಲಿ ಅಂದಿನಿಂದ ಒಲೆ ಒಂದೇ, ಊಟ ಬೇರೆ. ಅವನು ತನ್ನ ಅಕ್ಕ ಗೋವಿಂದಮ್ಮನನ್ನು ಕರೆಸಿಕೊಂಡ. ಅವಳು ಬೀದಿಗೆ ಕೇಳುವಂತೆ ದಿನವೂ ಶಾಪ ಹಾಕುತ್ತಿದ್ದಳು. ಕೆಂಪಾಜಮ್ಮ ಮುದ್ದೆ ನುಂಗಿ, ಚೊಂಬಿನ ನೀರು ಕುಡಿದು, ಬಾಗಿಲು ದೂಡಿಕೊಂಡು ಶೆಡ್ಡಿಗೆ ಹೋಗುತ್ತಿದ್ದಳು.

ಬೆಟ್ಟಸ್ವಾಮಿ ಸಂಘಕ್ಕೆ ದೂರು ಕೊಟ್ಟ. ಸದಸ್ಯ ತಾನು, ಬರ್ನರ್ ತನ್ನದು, ಹೆಂಡತಿ ಕಿತ್ತುಕೊಂಡಿದ್ದಾಳೆ. ಸಭೆ ಸೇರಿತು. ಗಾಜಿನವರೇ ಅವಳ ವಿರುದ್ಧ ಜೋರಾಗಿ ಮಾತಾಡಿದರು. ಇವಳನ್ನು ಬಿಟ್ಟರೆ ನಾಳೆ ತಮ್ಮ ಮನೆಯಲ್ಲೂ ಇದೇ ಪಾಡು ಎಂಬ ಭಯ ಅವರಿಗೆ. ಸೋಮಶೇಖರ್ ನ್ಯಾಯಸ್ಥನಂತೆ ಗಂಟಲು ಸರಿಮಾಡಿಕೊಂಡ.

“ನೋಡ್ರಪ್ಪ, ನಾಳೆ ಯಾರೂ ಮೋಸ ಆಯ್ತು ಅನ್ಬಾರ್ದು. ಇಬ್ರೂ ಒಂದೊಂದು ಲ್ಯಾಕ್ಟೋಮೀಟರ್ ಮಾಡ್ಲಿ. ಬಕೆಟ್ ನೀರಿಗೆ ಬಿಡಾಣ. ಯಾರ್ದು ನೆಟ್ಟಗೆ ನಿಲ್ತದೋ ನೋಡಾಣ.”

ಇಬ್ಬರೂ ಮಾಡಿದರು. ಒಬ್ಬರಾದ ಮೇಲೆ ಒಬ್ಬರು, ಅದೇ ಬರ್ನರಿನಲ್ಲಿ. ಬೆಟ್ಟಸ್ವಾಮಿ ಬೆವರಿನಲ್ಲಿ ತೋಯ್ದುಹೋದ. ಎಡಗೈ ತಿರುಗಿಸಿದ ಹಾಗೆ ಬಲಗೈ ತಿರುಗಲಿಲ್ಲ, ಗಾಜಿನ ಬುರುಡೆ ಒಂದು ಕಡೆ ಉಬ್ಬಿತು. ಅವನ ಲ್ಯಾಕ್ಟೋಮೀಟರ್ ನೀರಿಗೆ ಬಿದ್ದದ್ದೇ ಮಗ್ಗುಲಾಗಿ ಬಕೆಟ್ಟಿನ ಅಂಚಿಗೆ ಒರಗಿತು. ಕೆಂಪಾಜಮ್ಮನದು ಮುಳುಗಿ ಮೇಲೆದ್ದು, ಎರಡು ಸಲ ತೂಗಿ, ನೆಟ್ಟಗೆ ನಿಂತಿತು. ಅವಳು ಗಂಡನ ಕಡೆ ನೋಡಿದಳು. ಅವನು ಬಕೆಟ್ಟನ್ನೇ ನೋಡುತ್ತಿದ್ದ.

ಸೋಮಶೇಖರ್ ಎದ್ದು ನಿಂತು ತೀರ್ಪು ಹೇಳಿದ. “ಕೆಲ್ಸ ಚೆನ್ನಾಗೈತೆ, ಇಲ್ಲ ಅನ್ನಲ್ಲ. ಆದ್ರೆ ಬೆಟ್ಟಸ್ವಾಮಿ ಸದಸ್ಯ. ಗಂಡಸಿನ ಅನ್ನ. ಬರ್ನರ್ ಅವನದೇ. ನೀನು ಅವನ ಕೈಕೆಳಗೆ ಮಾಡ್ಕೊಂಡೋಗಮ್ಮ.”

“ಹಂಗಾರೆ ಬಕೆಟ್ಟಿಗೆ ನೀರ್ ಯಾಕ್ ತುಂಬ್ಸುದ್ರಿ?” ಎಂದಳು ಕೆಂಪಾಜಮ್ಮ. ಅವಳು ತನ್ನ ಲ್ಯಾಕ್ಟೋಮೀಟರನ್ನು ತೆಗೆದು ಸೆರಗಿನಲ್ಲಿ ಸುತ್ತಿಕೊಂಡು, ಬಕೆಟ್ಟನ್ನು ಎತ್ತಿ ಸೋಮಶೇಖರನ ಚಪ್ಪಲಿಯ ಮೇಲೆ ಸುರಿದು ಆಚೆ ನಡೆದಳು.

ತವರಿನ ಕಡೆ ಹೊರಟು ಬಸ್ ಸ್ಟಾಂಡಿಗೆ ಹೋಗುವ ದಾರಿಯಲ್ಲಿ ಹಿಂದಿನಿಂದ ಯಾರೋ ಕೆಮ್ಮಿದ ಸದ್ದಾಯಿತು. ದೊಡ್ಡಮಾದಯ್ಯ.

“ನಿಂತ್ಕಳೇ ಗಯ್ಯಾಳಿ.”

“ಇನ್ನೂ ಏನ್ ಉಳುದದೆ ಅನ್ನಾಕೆ? ಅಂದುಬುಟ್ ಓಗು.”

“ಒಂದು ಬರ್ನರ್ ಮಾಡ್ಕೊಡ್ತೀನಿ. ಇತ್ತಾಳೆದು.”

ಅವಳಿಗೆ ನಂಬಿಕೆ ಬರಲಿಲ್ಲ. “ಯಾಕೆ? ನನ್ ಮೇಲೆ ಈಗ ಕರುಣೆ ಉಕ್ತಾ?”

“ನಿನ್ ಮೇಲಾ? ಥೂ!” ಮುದುಕ ರಸ್ತೆಗೆ ಉಗುಳಿದ. “ನಿನ್ ಮುಸುಡಿ ಕಂಡ್ರಾಗಾಕಿಲ್ಲ ನಂಗೆ. ಆದ್ರೆ ಆ ಗೇಟ್ ಮಾರೋ ನನ್ಮಗ, ಜಲ್ಮದಲ್ಲಿ ಸುತ್ಗೆ ಇಡೀದೋನು, ನೆಟ್ಟಗ್ ನಿಂತಿದ್ದುನ್ನ ಕಂಡೂ ಸೊಟ್ಟಗಿದ್ದುದ್ಕೆ ಗೆಲುವು ಅಂದ್ನಲ್ಲ. ನಾಳೆ ನನ್ ಗುಳಕ್ಕೂ ಇಂಗೇ ಅಂತಾನೆ. ಅವನ ಒಟ್ಟೆ ಉರೀಬೇಕು, ಅದ್ಕೆ ಮಾಡ್ಕೊಡ್ತೀನಿ.”

“ಹಂಗಾರೆ ಸರಿ,” ಎಂದಳು. ಕರುಣೆಯಾಗಿದ್ದರೆ ಅವಳು ಒಪ್ಪುತ್ತಿರಲಿಲ್ಲವೆಂದು ಆಮೇಲೆ ಅವಳೇ ಹೇಳಿಕೊಂಡದ್ದುಂಟು.

ಟಿ. ನರಸೀಪುರದಲ್ಲಿ, ಸೋಸಲೆ ರಸ್ತೆಯ ಒಂದು ಅಕ್ಕಿ ಗಿರಣಿಯ ಹಿಂದೆ, ತೌಡಿನ ಧೂಳು ತುಂಬಿದ ಕೋಣೆಯೊಂದು ಅವಳಿಗೆ ಬಾಡಿಗೆಗೆ ಸಿಕ್ಕಿತು. ಬರ್ನರ್ ಬಂತು. ನೋಡಲು ಕುರೂಪಿ, ಉರಿ ಮಾತ್ರ ಸೂಜಿಯಂತೆ. ಅಷ್ಟರಲ್ಲಿ ಸೋಮಶೇಖರ್ ಮೈಸೂರಿನ ಗ್ಯಾಸಿನವರಿಗೆ ಹೇಳಿ ಅವಳಿಗೆ ಆಕ್ಸಿಜನ್ ಕೊಡದಂತೆ ತಡೆಹಾಕಿಸಿದ್ದ. ದೊಡ್ಡಮಾದಯ್ಯ ಕೆಲಸ ಮಾಡುತ್ತಿದ್ದದ್ದು ಇದ್ದಲಿನಲ್ಲಿ. ಅವನ ಪಾಲಿನ ಸಿಲಿಂಡರನ್ನು ಅದುವರೆಗೆ ವೆಲ್ಡಿಂಗಿನವರು ಬಳಸಿಕೊಳ್ಳುತ್ತಿದ್ದರು. ಈಗ ಅದನ್ನು ಅವನು ಭತ್ತದ ಟೆಂಪೋದಲ್ಲಿ ಹುಲ್ಲಿನಡಿ ಮಲಗಿಸಿ ನರಸೀಪುರಕ್ಕೆ ಕಳಿಸತೊಡಗಿದ. ಜೊತೆಗೆ ಒಂದು ಬೈಗುಳವೂ ಟೆಂಪೋದವನ ಬಾಯಲ್ಲಿ ಬರುತ್ತಿತ್ತು. ಖಾಲಿ ಸಿಲಿಂಡರಿನ ಜೊತೆ ಕೆಂಪಾಜಮ್ಮ ಒಂದು ಬೈಗುಳವನ್ನು ತಿರುಗಿ ಕಳಿಸುತ್ತಿದ್ದಳು.

ಸುದ್ದಿ ಮುಚ್ಚಿಡುವಂಥದ್ದಲ್ಲ. ಡೇರಿಯವರು ಒಬ್ಬೊಬ್ಬರಾಗಿ ನಂಜನಗೂಡು ಬಿಟ್ಟು ಅವಳ ಬಳಿ ಬರತೊಡಗಿದ್ದೇ, ಒಂದು ಮಧ್ಯಾಹ್ನ ಅಕ್ಕಿ ಗಿರಣಿಯ ಮುಂದೆ ಜೀಪು ನಿಂತಿತು. ಸೋಮಶೇಖರ್, ಸಂಘದ ಇಬ್ಬರು ಗಾಜಿನವರು, ಅವರ ಹಿಂದೆ ಬೆಟ್ಟಸ್ವಾಮಿ.

“ಸಂಘದ ಸಿಲಿಂಡರ್ ಕದ್ದಿದೀಯ. ಎತ್ತಿಕೊಂಡು ಹೋಗ್ತೀವಿ,” ಎಂದ ಸೋಮಶೇಖರ್.

ಅವಳು ಉರಿಯುವ ಬರ್ನರನ್ನು ಅದರ ರಬ್ಬರ್ ಪೈಪಿನ ಸಮೇತ ಕೈಗೆತ್ತಿಕೊಂಡು ಎದುರು ನಿಂತಳು. ನೀಲಿ ಉರಿ ಭುಸುಗುಡುತ್ತಿತ್ತು. “ಸಿಲಿಂಡರ್ ಮುಟ್ಟೋರ್ ಮೀಸೆ ಸುಡ್ತೀನಿ. ಬನ್ನಿ.”

ಯಾರೂ ಮುಂದೆ ಬರಲಿಲ್ಲ. ಆಗ ಬೆಟ್ಟಸ್ವಾಮಿ ಪಕ್ಕದಿಂದ ನುಸುಳಿ, ಗೋಡೆಗೆ ಒರಗಿದ್ದ ಕಬ್ಬಿಣದ ಸಲಾಕೆ ಎತ್ತಿಕೊಂಡು, ಹಲಗೆಯ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದ ಲ್ಯಾಕ್ಟೋಮೀಟರುಗಳ ಮೇಲೆ ಬೀಸಿದ. ಎಡಗೈಯಲ್ಲಿ. ಒಂದೇ ಏಟಿಗೆ ಸಾಲು ಪೂರ್ತಿ ಹೋಯಿತು. ತೂಕಕ್ಕೆಂದು ಒಳಗೆ ಹಾಕಿದ್ದ ಸೀಸದ ಗುಂಡುಗಳು ಸಾಸಿವೆಯಂತೆ ನೆಲದ ತುಂಬ ಉರುಳಿದವು. ಅವನು ನಿಲ್ಲಿಸಲಿಲ್ಲ. ಮುಂದಿನ ಹಲಗೆ, ಅದರ ಕೆಳಗಿನದು. ಅವಳು ಅವನತ್ತ ಬರ್ನರ್ ತಿರುಗಿಸಲಿಲ್ಲ. ಹಾಗೆ ನಿಂತು ನೋಡಿದಳು. ಅವನು ಏದುಸಿರು ಬಿಡುತ್ತ ಸಲಾಕೆ ಕೆಳಗಿಟ್ಟಾಗ ಅವಳು ಹೇಳಿದ್ದು ಇಷ್ಟೆ: “ಆಯ್ತಲ್ಲ. ಇವತ್ತಿಗೆ ತಾಳಿದೂ ಆಯ್ತು.”

ಗಿರಣಿಯ ಹಮಾಲಿಗಳು ಸದ್ದು ಕೇಳಿ ಓಡಿಬಂದಿದ್ದರು. ಅವರನ್ನು ಕಂಡು ಜೀಪು ಹೊರಟಿತು. ಕೆಂಪಾಜಮ್ಮ ಪೊಲೀಸಿಗೆ ಹೋಗಲಿಲ್ಲ. ಪೊರಕೆ ಹಿಡಿದು ಗಾಜು ಗುಡಿಸಿದಳು, ಸೀಸದ ಗುಂಡುಗಳನ್ನು ಹೆಕ್ಕಿ ತೊಳೆದು ಒಣಗಿಸಿದಳು. ಅವು ಮತ್ತೆ ಉಪಯೋಗಕ್ಕೆ ಬರುತ್ತಿದ್ದವು. ಕುತ್ತಿಗೆ ಅಂದಿನಿಂದ ಬರಿದಾಯಿತು. ಕೇಳಿದವರಿಗೆ, “ಗಂಡ ಅವ್ನೆ, ನಂಗಿಲ್ಲ,” ಎನ್ನುತ್ತಿದ್ದಳು.

ಮುಂದೆ ಸಂಘವೇ ಒಡೆಯಿತು. ಜೀಪಿನಲ್ಲಿ ಹೋಗಿ ಗಾಜು ಒಡೆಸಿದ ಕಥೆಯನ್ನು ದೊಡ್ಡಮಾದಯ್ಯ ಪ್ರತಿ ಸಭೆಯಲ್ಲೂ ಎತ್ತಿ ಎತ್ತಿ ಹೇಳಿ, ಕಮ್ಮಾರರನ್ನು ಕಟ್ಟಿಕೊಂಡು ಹೊರನಡೆದ. ಸಿಲಿಂಡರ್ ಸಾಲದೆ ಲಾರಿ ಬರುವುದು ನಿಂತಿತು. ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಡೇರಿಗಳಿಗೆ ಕರೆಂಟಿನ ಮೆಷಿನ್ನುಗಳು ಬಂದು, ಗಾಜಿನ ಲ್ಯಾಕ್ಟೋಮೀಟರ್ ಕೇಳುವವರು ಕಡಿಮೆಯಾದರು. ನಂಜನಗೂಡಿನ ಊದೋರು ಒಬ್ಬೊಬ್ಬರೇ ಸೆಕ್ಯುರಿಟಿ ಕೆಲಸಕ್ಕೋ ಕೂಲಿಗೋ ಹೋದರು. ಕೆಂಪಾಜಮ್ಮ ಕಾಲೇಜಿನ ಲ್ಯಾಬುಗಳನ್ನು ಹಿಡಿದು, ಟೆಸ್ಟ್ ಟ್ಯೂಬು, ಬಾಗಿದ ಕೊಳವೆ ಮಾಡುತ್ತ ಉಳಿದುಕೊಂಡಳು.

ಅಂಥ ದಿನಗಳಲ್ಲಿ ಒಂದು ಬೆಳಿಗ್ಗೆ ಬೆಟ್ಟಸ್ವಾಮಿ ಬಂದ. ತಲೆ ನರೆತಿತ್ತು, ಅಂಗಿಯ ಗುಂಡಿ ಕಿತ್ತಿತ್ತು. ತಪ್ಪಾಯಿತು ಎನ್ನಲಿಲ್ಲ.

“ಈ ಕಸುಬು ನಿಂಗೆ ಬಂದದ್ದು ನನ್ನಿಂದ. ನಂಗೂ ಇದ್ರಲ್ಲಿ ಹಕ್ಕದೆ.”

ಅವಳು ಬೆಂಕಿ ಸಣ್ಣ ಮಾಡಿ, ಎದ್ದು, ಸ್ಟೂಲನ್ನು ಕಾಲಿನಿಂದ ಅವನ ಕಡೆ ತಳ್ಳಿದಳು. “ಕೂತ್ಕ. ಮಾಡು.”

ಅವನು ಕೂತ. ಕೊಳವೆಯನ್ನು ಬೆಂಕಿಗೆ ಹಿಡಿದ. ಮೆತ್ತಗಾದ ಗಾಜು ಅವನ ಬಲಗೈ ಬೆರಳಲ್ಲಿ ಸಿಕ್ಕಿಕೊಂಡು ಜೋತುಬಿತ್ತು. ಇನ್ನೊಂದು ತೆಗೆದುಕೊಂಡ. ಅದೂ ಹಾಗೇ. ಅವಳು ಬಾಗಿಲಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡಳು. ಬಿಸಿಲು ಅಂಗಳದ ನಡುವಿಗೆ ಬರುವವರೆಗೂ ಅವನು ಹೆಣಗಿದ. ಕಡೆಗೆ ತಾನೇ ಗ್ಯಾಸಿನ ಕಿವಿ ತಿರುಗಿಸಿ ಉರಿ ಆರಿಸಿದ.

“ಆಗಾಕಿಲ್ಲ,” ಎಂದ.

“ಅವತ್ತೇ ಅಂದಿದ್ರೆ ಇಬ್ರೂ ಒಟ್ಟಿಗ್ ಕೂತ್ಕಬೋದಿತ್ತು.”

“ಈಗ?”

“ಈಗ ಆಗಾಕಿಲ್ಲ. ಊಟ ಮಾಡ್ಕಂಡು ಓಗು.”

ಅವನು ಊಟ ಮಾಡಲಿಲ್ಲ. ಸೋಸಲೆ ಕಡೆಯಿಂದ ಬಂದ ಬಸ್ಸು ಹತ್ತಿ ಹೋದ. ಆಮೇಲೆ ಅಕ್ಕನ ಮನೆಯಲ್ಲಿ ಹಸು ಮೇಯಿಸಿಕೊಂಡಿದ್ದ. ಕೆಂಪಾಜಮ್ಮ ಆ ಕಡೆ ತಲೆ ಹಾಕಲಿಲ್ಲ. ಅವನು ಹೋದ ಆ ದಿನ ಅವಳು ಬರ್ನರ್ ಹಚ್ಚಲಿಲ್ಲವೆಂದೂ ಸಂಜೆಯವರೆಗೆ ಬಾಗಿಲಲ್ಲೇ ಕೂತಿದ್ದಳೆಂದೂ ಗಿರಣಿಯವರು ಹೇಳುತ್ತಾರೆ.

ದೊಡ್ಡಮಾದಯ್ಯ ಹಾಸಿಗೆ ಹಿಡಿದ ಸುದ್ದಿ ತಂದವನು ಅದೇ ಟೆಂಪೋದವನು. ಅವಳು ನಂಜನಗೂಡಿಗೆ ಹೋದಳು. ಮುದುಕ ಜಗಲಿಯ ಚಾಪೆ ಮೇಲೆ ಮೂಳೆಯ ಗಂಟಾಗಿ ಮಲಗಿದ್ದ. ಸೊಸೆ ಮಾದಮ್ಮ ಒಂದು ಲೋಟ ನೀರು ತಂದಿಟ್ಟು ಒಳಗೆ ಹೋದಳು. ಮುದುಕ ಒಂದು ಕಣ್ಣು ತೆರೆದ.

“ಯಾಕ್ ಬಂದೆ?”

“ಸತ್ತಾ ಅಂತ ನೋಡಾಕೆ.”

“ಇನ್ನೂ ಇಲ್ಲ. ಓಗು.”

“ಬಸ್ಸು ಸಂಜೆಗೆ ಇರೋದು.”

“ಹಂಗಾರೆ ಆ ಕಡೆ ಮುಖ ಮಾಡ್ಕಂಡ್ ಕೂತ್ಕ. ನಿನ್ನ ನೋಡ್ತಾ ಸಾಯಕ್ಕೆ ನಂಗೇನ್ ಗ್ರಾಚಾರ.”

ಅವಳು ಬೀದಿಯ ಕಡೆ ಮುಖ ಮಾಡಿ ಕೂತಳು. ನೊಣ ಬಂದರೆ ಹಿಂತಿರುಗಿ ನೋಡದೆಯೇ ಸೆರಗು ಬೀಸಿ ಓಡಿಸುತ್ತಿದ್ದಳು. ಮುದುಕ ಸೋಮಶೇಖರನನ್ನು ಬೈದ, ಬೆಟ್ಟಸ್ವಾಮಿಯನ್ನು ಬೈದ, ಅವಳನ್ನು ಬೈದ. ದನಿ ಅಡಗಿದಾಗ ಅವಳು ನೀರು ಕುಡಿಸಿದಳು. ಗಂಟಲು ನೆನೆದ ಮೇಲೆ ಅವನು ಮತ್ತೆ ಶುರುಮಾಡಿದ.