ಇನ್ನರ್ಧ ಮಾತ್ರೆ

ನಾನು ನಿದ್ದೆ ಮಾಡುತ್ತೇನೆ ಎಂಬುದಕ್ಕೆ ನನ್ನ ಬಳಿ ಯಾವ ಪುರಾವೆಯೂ ಇಲ್ಲ. ಮಲಗಿದ್ದು ಗೊತ್ತು, ಎದ್ದದ್ದು ಗೊತ್ತು. ನಡುವಿನದಕ್ಕೆ ನಾನು ಸಾಕ್ಷಿಯಲ್ಲ. ನಾನು ಗೊರಕೆ ಹೊಡೆಯುತ್ತೇನೆಂದು ನನ್ನ ಹೆಂಡತಿ ಸುಮಿತ್ರಾ ಮೂವತ್ತೈದು ವರ್ಷದಿಂದ ಹೇಳುತ್ತಿದ್ದಾಳೆ. ಒಬ್ಬರೇ ಸಾಕ್ಷಿಯ ಮಾತು ನಂಬಿ ತೀರ್ಮಾನಕ್ಕೆ ಬರಬಾರದೆಂದು ನಾನೂ ಅಷ್ಟೇ ವರ್ಷದಿಂದ ವಾದಿಸುತ್ತಿದ್ದೇನೆ. ಕಾಲೇಜಿನಲ್ಲಿ ಪಾಠ ಮಾಡುತ್ತಾ ಹೆಚ್ಚು ದಿನ ಕಳೆದವರಿಗೆ ಅಂಟುವ ಕಾಯಿಲೆ ಇದು. ಕಣ್ಣಾರೆ ಕಂಡದ್ದನ್ನೂ ಚೀಟಿಯಲ್ಲಿ ಬರೆದುಕೊಳ್ಳುವವರೆಗೆ ನಂಬುವುದಿಲ್ಲ.

ಚೀಟಿ ಎಂದದ್ದು ಸುಮ್ಮನೆ ಅಲ್ಲ. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತನಾದವನು. ಗಿಡಗಳನ್ನು ತಂದು, ಹಳೇ ಪತ್ರಿಕೆಯ ಮಡಿಕೆಯಲ್ಲಿಟ್ಟು, ಒತ್ತಿ ಒಣಗಿಸುವುದು ನನ್ನ ಕಸುಬು. ಪ್ರತಿ ಮಡಿಕೆಯೊಳಗೂ ಒಂದು ಚೀಟಿ ಇರಲೇಬೇಕು: ಹೆಸರು, ಸಿಕ್ಕಿದ ಸ್ಥಳ, ತಾರೀಖು, ಗುರುತಿಸಿದವರು. ಹೆಸರು ಗೊತ್ತಾಗದಿದ್ದರೆ ಆ ಜಾಗದಲ್ಲಿ ‘ಗುರುತಿಸಬೇಕಿದೆ’ ಎಂದು ಬರೆದಿಡುತ್ತೇವೆ. “ಚೀಟಿ ಇಲ್ಲದಿದ್ರೆ ನೀವು ತಂದಿರೋದು ದನಕ್ಕೆ ಹಾಕೋಕೆ ಲಾಯಕ್ಕು ಕಣ್ರಯ್ಯ” ಎಂದು ವಿದ್ಯಾರ್ಥಿಗಳನ್ನು ಗದರಿಸಿ ಗದರಿಸಿ, ನನ್ನ ಕೈಗೇ ಆ ಅಭ್ಯಾಸ ಕೂತುಬಿಟ್ಟಿದೆ. ಏನನ್ನಾದರೂ ಕಾಗದದಲ್ಲಿ ಮಡಚಿದರೆ ಸಾಕು, ಬೆರಳು ಪೆನ್ನು ಹುಡುಕುತ್ತದೆ.

ಈ ಕಸುಬಿನ ದೆಸೆಯಿಂದಲೇ ಕಳೆದ ವರ್ಷ ನಾನು ವಿಮಾನ ಹತ್ತಬೇಕಾಯಿತು. ಸ್ಯಾನ್ ಫ್ರಾನ್ಸಿಸ್ಕೊದ ಬಳಿಯ ಒಂದು ಸಸ್ಯಸಂಗ್ರಹಾಲಯದಲ್ಲಿ ಮೈಸೂರು ಸೀಮೆಯ ಹಳೇ ಗಿಡಗಳ ಕಟ್ಟುಗಳು ಹೆಸರಿಲ್ಲದೆ ಬಿದ್ದಿದ್ದವಂತೆ. ಎರಡು ವಾರ ಬಂದು ಗುರುತಿಸಿಕೊಡಿ ಎಂದು ಕರೆದರು. ಸುಮಿತ್ರಾಳೂ ಹೊರಟಳು. ಒಂದೇ ಓಟದಲ್ಲಿ ಹದಿನೇಳು ಗಂಟೆಯ ಹಾರಾಟ. ನಾನೋ, ಚಾಮರಾಜನಗರದ ಬಸ್ಸಿನಲ್ಲೂ ಮೂರು ಸಲ ಸೀಟು ಬದಲಿಸುವವನು.

ನಿದ್ದೆಗೆ ಏನು ಮಾಡುವುದು ಎಂದು ವಿಚಾರಿಸಿದರೆ ಮೈಸೂರಿನ ನಮ್ಮ ಬಡಾವಣೆ, ಇಡೀ ಯಾದವಗಿರಿಯೇ, ವೈದ್ಯನಾಗಿಬಿಟ್ಟಿತು. ಪಕ್ಕದ ಮನೆಯವರು ಕುತ್ತಿಗೆಗೆ ಹಾಕುವ ದಿಂಬು ಕೊಟ್ಟರು. ಅದನ್ನು ಹಾಕಿಕೊಂಡು ಕನ್ನಡಿ ನೋಡಿದರೆ ನೊಗ ಹೊತ್ತ ಎತ್ತಿನ ಹಾಗೆ ಕಂಡೆ. ಸುಮಿತ್ರಾ ಗಸಗಸೆ ಪಾಯಸದ ಪಕ್ಷ. ಗಸಗಸೆ ಯಾವ ಗಿಡದ ಬೀಜ, ಆ ಗಿಡದ ಕಾಯಿಯಿಂದ ಅಫೀಮು ಹೇಗೆ ತೆಗೆಯುತ್ತಾರೆ, ಕೆಲವು ದೇಶಗಳ ವಿಮಾನ ನಿಲ್ದಾಣದಲ್ಲಿ ಅದು ಸಿಕ್ಕರೆ ಏನಾಗುತ್ತದೆ ಎಂದು ನಾನು ಅರ್ಧ ಗಂಟೆ ಪಾಠ ಮಾಡಿದೆ. “ಪಾಯಸ ಕುಡಿಯದೇನೇ ನಂಗೆ ನಿದ್ದೆ ಬಂತು” ಎಂದು ಅವಳು ಎದ್ದು ಹೋದಳು.

ಕೊನೆಗೆ ಒಂಟಿಕೊಪ್ಪಲಿನ ನಮ್ಮ ಡಾಕ್ಟರು ಮಾತ್ರೆ ಬರೆದುಕೊಟ್ಟರು. “ಮೇಷ್ಟ್ರೇ, ಅರ್ಧ ಮಾತ್ರ. ಪೂರ್ತಿ ನುಂಗಿದ್ರೆ ಕೆಲವರು ಎದ್ದು ಓಡಾಡ್ತಾರೆ, ಮಾತಾಡ್ತಾರೆ. ಬೆಳಿಗ್ಗೆ ಕೇಳಿದ್ರೆ ಒಂದೂ ನೆನಪಿರಲ್ಲ” ಎಂದರು.

ವಿಮಾನದಲ್ಲಿ ಊಟದ ತಟ್ಟೆ ತೆಗೆದ ಮೇಲೆ ಅರ್ಧ ನುಂಗಿದೆ. ಕೈಗಡಿಯಾರ ನೋಡಿಕೊಂಡು ಕಾದೆ. ನಿದ್ದೆ ಬಂತೇ ಎಂದು ನಿಮಿಷಕ್ಕೊಮ್ಮೆ ಪರೀಕ್ಷಿಸುತ್ತಾ ಕೂತವನಿಗೆ ಅದು ಎಲ್ಲಿಂದ ಬರಬೇಕು? ಇಪ್ಪತ್ತು ನಿಮಿಷವಾಯಿತು. ಅರ್ಧ ಮಾತ್ರೆ ಕೆಲಸ ಮಾಡುವುದಿಲ್ಲ ಎಂಬುದು ಸಿದ್ಧವಾಯಿತೆಂದು ಸಮಾಧಾನಪಟ್ಟು, ಇನ್ನರ್ಧವನ್ನೂ ನುಂಗಿದೆ. ನಾನು ಬಲ್ಲದ್ದು ಇಷ್ಟೇ. ಮುಂದೆ ಎಚ್ಚರಾದಾಗ ಕೆಳಗೆ ಸಮುದ್ರವೂ ಸೇತುವೆಯೂ ಕಾಣುತ್ತಿದ್ದವು, ಸುಮಿತ್ರಾ ನನ್ನನ್ನೇ ನೋಡುತ್ತಿದ್ದಳು.

ಪಾಸ್‌ಪೋರ್ಟ್ ತೋರಿಸುವ ಸಾಲಿನಲ್ಲಿ ನಿಂತಾಗ ಅವಳು ಬಾಯಿಬಿಟ್ಟಳು.

“ನಿಮಗೆ ಏನೂ ನೆನಪಿಲ್ವಾ?”

“ಯಾವುದು?”

“ಗಗನಸಖಿನ ನಿಲ್ಲಿಸ್ಕೊಂಡು ನೆಗಡಿಗೆ ತುಂಬೆ ರಸ ಎಷ್ಟು ತೊಟ್ಟು ಅಂತ ಪಾಠ ಮಾಡಿದ್ದು? ಪಾಪ, ಆ ಹುಡುಗಿ ಬರ್ಕೊಂಡ್ಳು ಕಣ್ರೀ.”

“ಇಲ್ಲ.”

“ಆಮೇಲೆ ನನ್ನ ಕೈ ಹಿಡ್ಕೊಂಡು ಹೇಳಿದ್ದು?”

“ಏನು ಹೇಳಿದೆ?”

“ಹಾಸನದ ಕಾಗದ ಬಂದಿತ್ತು ಅಂದ್ರಿ. ಕಬ್ಬಿಣದ ಬೀರುವಿನಲ್ಲಿ, ತುಂಬೆ ಗಿಡದ ಕಟ್ಟಿನಲ್ಲಿ, ಎಲ್ಲಕ್ಕಿಂತ ಕೆಳಗಿನ ಮಡಿಕೇಲಿದೆ ಅಂದ್ರಿ. ತಪ್ಪಾಯ್ತು ಅಂದ್ರಿ. ಮೂರು ಸಲ.”

ಹಾಸನದ ಕಾಗದದ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ಮದುವೆಯಾದ ಮರುವರ್ಷ ಒಂಟಿಕೊಪ್ಪಲಿನ ಬಾಡಿಗೆ ಮನೆಯಲ್ಲಿದ್ದೆವು. ಸುಮಿತ್ರಾ ಹಾಸನದ ಒಂದು ಪ್ರೌಢಶಾಲೆಗೆ ಗಣಿತದ ಶಿಕ್ಷಕಿಯಾಗಲು ಸಂದರ್ಶನ ಕೊಟ್ಟು ಬಂದಿದ್ದಳು. ಉತ್ತರ ಬರಲಿಲ್ಲ. ಆಯ್ಕೆಯಾಗಲಿಲ್ಲವೆಂದು ಸುಮ್ಮನಾದಳು. ಆರು ತಿಂಗಳ ಮೇಲೆ, ಅವಳ ಜೊತೆ ಸಂದರ್ಶನಕ್ಕೆ ಬಂದಿದ್ದ ಗೆಳತಿ ಸಿಕ್ಕಿ, “ಮೊದಲನೇ ಹೆಸರು ನಿನ್ನದೇ ಇತ್ತಲ್ಲೇ, ಯಾಕೆ ಬರಲಿಲ್ಲ?” ಎಂದಳಂತೆ. ಕಾಗದ ಅಂಚೆಯಲ್ಲಿ ಕಳೆದುಹೋಗಿರಬೇಕೆಂದು ತೀರ್ಮಾನವಾಯಿತು. ಆ ತೀರ್ಮಾನ ಕೊಟ್ಟವನು ನಾನು. ಅವಳು ಮತ್ತೆ ಎಲ್ಲಿಗೂ ಅರ್ಜಿ ಹಾಕಲಿಲ್ಲ. ಮನೆಯ ವರಾಂಡದಲ್ಲಿ ಅಕ್ಕಪಕ್ಕದ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾ ಬಂದಳು.

ಓದುಗರು ನಂಬಬೇಕು, ಅಥವಾ ನನ್ನ ಹಾಗೆ ಸಂಶಯಪಡಬೇಕು: ಆ ಕಾಗದ ಬಂದದ್ದು ನನಗೆ ನೆನಪಿರಲಿಲ್ಲ. ಬರಲಿಲ್ಲ ಎಂಬುದೇ ನನ್ನ ಸ್ಪಷ್ಟ ನೆನಪು.

“ಅದು ಮಾತ್ರೆ ಆಡಿಸಿದ ಮಾತು. ಸಾಕ್ಷಿಗೆ ನಿಲ್ಲೋದಿಲ್ಲ” ಎಂದೆ.

“ಬೀರು ನಿಲ್ಲುತ್ತಲ್ಲ” ಎಂದಳು.

ಅಷ್ಟರಲ್ಲಿ ನಮ್ಮ ಸರದಿ ಬಂತು. ಏತಕ್ಕಾಗಿ ಬಂದಿರಿ ಎಂದು ಗಾಜಿನ ಹಿಂದಿದ್ದ ಅಧಿಕಾರಿ ಕೇಳಿದ. ಹಳೇ ಕಾಗದದ ಮಡಿಕೆಗಳನ್ನು ಬಿಚ್ಚಿ ಒಳಗೇನಿದೆಯೆಂದು ನೋಡಲು ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಸುಮಿತ್ರಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಕ್ಕಳೋ ಅತ್ತಳೋ, ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಪಕ್ಕದ ಮನೆಯವರ ಹತ್ತಿರ ನಮ್ಮ ಬೀಗದ ಕೈ ಇತ್ತು. ಫೋನು ಮಾಡಿ ನೋಡಿಸೋಣವೇ ಎಂದೆ. “ಬೇಡ. ಇಟ್ಟೋರೇ ತೆಗೀಬೇಕು” ಎಂದಳು. ಆಮೇಲೆ ಎರಡು ವಾರ ಆ ಮಾತೆತ್ತಲಿಲ್ಲ.

ನಮ್ಮೂರಿಗೂ ಅಲ್ಲಿಗೂ ಆಗ ಹನ್ನೆರಡೂವರೆ ಗಂಟೆಯ ವ್ಯತ್ಯಾಸ. ನಾನು ಫೋನಿನಲ್ಲಿ ಎರಡು ಗಡಿಯಾರ ಇಟ್ಟುಕೊಂಡು ಒದ್ದಾಡುತ್ತಿದ್ದರೆ, ಅವಳು ಕೈಗಡಿಯಾರದ ಮುಳ್ಳನ್ನೇ ತಿರುಗಿಸಲಿಲ್ಲ. “ಅರ್ಧ ಗಂಟೆ ಕಳೀರಿ, ಹಗಲು ರಾತ್ರಿ ಅದಲುಬದಲು ಮಾಡಿ, ಆಯ್ತು” ಎಂದಳು. ಇಂಥವಳು ಹಾಸನದ ಮಕ್ಕಳಿಗೆ ಏನೆಲ್ಲ ಕಲಿಸುತ್ತಿದ್ದಳೋ ಎನ್ನಿಸಿತು. ಹಾಗೆ ಅನ್ನಿಸಿದ್ದು ಅದೇ ಮೊದಲು.

ನನ್ನ ಮೈಯೊಳಗಿನ ಗಡಿಯಾರವೂ ಮೈಸೂರಿನಲ್ಲೇ ಇತ್ತು. ಇದರಲ್ಲಿ ಆಶ್ಚರ್ಯವಿಲ್ಲ. ಮುಟ್ಟಿದರೆ ಮುನಿ ಗಿಡದ ಕುಂಡವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದೆ. ಒಳಗೆ ಬರೀ ಕತ್ತಲು. ಆದರೂ ಬೆಳಗಿನ ಹೊತ್ತಿಗೆ ತೆಗೆದರೆ ಎಲೆ ಬಿಡಿಸಿಕೊಂಡೇ ಇರುತ್ತಿತ್ತು. ಬೆಳಕು ಕಾಣದಿದ್ದರೂ ಹೊತ್ತು ಮರೆಯದ ಗಿಡ! ಇದನ್ನು ಎಷ್ಟೋ ವರ್ಷ ಹೇಳಿದ್ದೇನೆ. ಬೀರುವಿನ ಕತ್ತಲಲ್ಲಿ ಇಟ್ಟದ್ದು ತನ್ನ ಹೊತ್ತಿಗೆ ತಾನು ತೆರೆದುಕೊಳ್ಳುತ್ತದೆ ಎಂಬುದರ ಅರ್ಥ ಮಾತ್ರ ನನಗೆ ಹೊಳೆದಿರಲಿಲ್ಲ.

ಸಂಗ್ರಹಾಲಯದಲ್ಲಿ ಮಧ್ಯಾಹ್ನವಾದರೆ ತೂಕಡಿಕೆ. ರಾತ್ರಿ ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡು ಮಲಗುವುದು. ಇದು ದೇಶ ಬದಲಾದದ್ದಕ್ಕೋ, ತುಂಬೆಯ ಕಟ್ಟಿಗೋ? ಎರಡು ಕಾರಣ ಒಟ್ಟಿಗಿದ್ದಾಗ ಒಂದನ್ನು ಬೇರ್ಪಡಿಸಿ ಪರೀಕ್ಷಿಸಬೇಕೆಂದು ಶಾಸ್ತ್ರ ಹೇಳುತ್ತದೆ. ಐದಾರು ದಿನಕ್ಕೆ ಸುಮಿತ್ರಾ ಹಾಯಾಗಿ ಮಲಗತೊಡಗಿದಳು. ನನಗೆ ಹದಿನಾಲ್ಕನೇ ದಿನವೂ ನಿದ್ದೆ ಬರಲಿಲ್ಲ. ಫಲಿತಾಂಶ ನೀವೇ ಬರೆದುಕೊಳ್ಳಿ.

ವಾಪಸು ಬರುವಾಗ ಮಾತ್ರೆ ಮುಟ್ಟಲಿಲ್ಲ.

“ತಗೊಳ್ರೀ, ಈ ಸಲ ಎರಡು ತಗೊಳ್ಳಿ. ಇನ್ನೂ ಏನೇನು ಬಚ್ಚಿಟ್ಟಿದ್ದೀರೋ ನೋಡೇಬುಡೋಣ” ಎಂದಳು ಸುಮಿತ್ರಾ. ತಮಾಷೆಯ ಮಾತೇ. ಆದರೂ ಹದಿನೇಳು ಗಂಟೆ ಬಾಯಿ ಬಿಗಿದುಕೊಂಡು ಎಚ್ಚರವಾಗಿ ಕೂತೆ.

ಯಾದವಗಿರಿಯ ಮನೆ ಸೇರಿದಾಗ ಬೆಳಿಗ್ಗೆ ಹತ್ತು ಗಂಟೆ. ಪೆಟ್ಟಿಗೆಗಳನ್ನು ಹಜಾರದಲ್ಲೇ ಬಿಟ್ಟು ಬೀರು ತೆಗೆದೆ. ನುಸಿಗುಳಿಗೆಯ ವಾಸನೆ. ತುಂಬೆಯ ಕಟ್ಟಿನ ದಾರ ಬಿಚ್ಚಿ ಒಂದೊಂದೇ ಮಡಿಕೆ ತೆಗೆಯುತ್ತಾ ಹೋದೆ. ಎಲ್ಲಕ್ಕಿಂತ ಕೆಳಗಿನದರಲ್ಲಿ ಗಿಡವಿರಲಿಲ್ಲ. ಹಾಸನದ ಶಾಲೆಯ ಮೊಹರಿದ್ದ ಕಂದು ಲಕೋಟೆ ಇತ್ತು. ತುದಿ ಹರಿದಿತ್ತು. ಜೊತೆಗೆ ಒಂದು ಚೀಟಿ. ಸ್ಥಳ: ಒಂಟಿಕೊಪ್ಪಲ್. ತಾರೀಖೂ ಇತ್ತು. ಹೆಸರು: ಗುರುತಿಸಬೇಕಿದೆ. ಅಕ್ಷರ ನನ್ನದೇ.

ಕಳ್ಳತನಕ್ಕೂ ಚೀಟಿ ಬರೆದಿಟ್ಟ ಕಳ್ಳ ಮೈಸೂರಿನಲ್ಲಿ ಇನ್ನೊಬ್ಬನಿರಲಾರ. ಮರೆತು ಇಟ್ಟದ್ದಕ್ಕೆ ಯಾರೂ ಚೀಟಿ ಬರೆಯುವುದಿಲ್ಲ. ಇಷ್ಟಾದರೂ ಇಟ್ಟ ಗಳಿಗೆ ನನಗೆ ನೆನಪಾಗಲಿಲ್ಲ. ನೆನಪಾದದ್ದು ಆ ದಿನಗಳು. ನಾನು ಇನ್ನೂ ತಾತ್ಕಾಲಿಕ ಉಪನ್ಯಾಸಕ, ವರ್ಷ ವರ್ಷವೂ ಕಾಲೇಜಿನ ಆದೇಶಕ್ಕೆ ಕಾಯುವವನು. ಅವಳಿಗೆ ಮೊದಲ ಸಂದರ್ಶನದಲ್ಲೇ ಕಾಯಂ ಕೆಲಸ.

ಸುಮಿತ್ರಾ ಕಾಗದ ಬಿಡಿಸಿ ನಿಂತೇ ಓದಿದಳು. “ಹದಿನೈದು ದಿನದೊಳಗೆ ಹಾಜರಾಗತಕ್ಕದ್ದು” ಎಂದು ಕೊನೆಯ ಸಾಲನ್ನು ಗಟ್ಟಿಯಾಗಿ ಓದಿ, “ಹಾಜರಾಗ್ತಿದ್ದೆ ಕಣ್ರೀ” ಎಂದಳು. ಲಕೋಟೆಯ ಅಂಚೆ ಮುದ್ರೆಯ ಮೇಲೆ ಬೆರಳಾಡಿಸಿ, “ಆ ಪೋಸ್ಟ್‌ಮ್ಯಾನಿಗೆ ಹಬ್ಬದ ಹೋಳಿಗೆ ಕೊಡೋದನ್ನೇ ನಿಲ್ಲಿಸ್ಬುಟ್ಟಿದ್ದೆ. ಬೀದಿಗೆಲ್ಲ ಹಂಚ್ತಿದ್ದೆ, ಅವನಿಗೆ ಬಿಟ್ಟು” ಎಂದಳು.

ಅವಳು ನನ್ನ ಜೇಬಿನಿಂದ ಪೆನ್ನು ತೆಗೆದು ಚೀಟಿಯ ಪಕ್ಕ ಇಟ್ಟಳು.

“ಗುರುತಿಸಿ.”

‘ಗುರುತಿಸಬೇಕಿದೆ’ ಎಂಬುದನ್ನು ಹೊಡೆದುಹಾಕಿ ‘ಭಯ’ ಎಂದು ಬರೆದೆ.

“ಒಂದೇನಾ? ಹುಲ್ಲುಕಡ್ಡಿಗೂ ಎರಡೆರಡು ಹೆಸರು ಇಡ್ತೀರಿ.”

ಮುಂದೆ ‘ಹೊಟ್ಟೆಕಿಚ್ಚು’ ಎಂದು ಸೇರಿಸಿದೆ. ‘ಗುರುತಿಸಿದವರು’ ಎಂಬಲ್ಲಿ ನನ್ನ ಹೆಸರು ಬರೆಯಹೋದಾಗ ಅವಳು ಪೆನ್ನು ಕಿತ್ತುಕೊಂಡು, ದುಂಡಗೆ, ಮಕ್ಕಳ ಲೆಕ್ಕದ ಪುಸ್ತಕಕ್ಕೆ ರುಜು ಹಾಕುವ ಹಾಗೆ, ‘ಸುಮಿತ್ರಾ’ ಎಂದು ಬರೆದಳು.

“ತಪ್ಪಾಯ್ತು ಅಂತ ವಿಮಾನದಲ್ಲೇ ಹೇಳಿದ್ದೀನಂತಲ್ಲ” ಎಂದೆ, ಮೆಲ್ಲಗೆ.

“ಹೇಳಿದ್ರಿ. ನಾನು ಕೇಳಿಸ್ಕೊಂಡೆ. ಇನ್ನೊಂದ್ಸಲ ಹೇಳಿ, ಈ ಸಲ ನೀವೂ ಕೇಳಿಸ್ಕೊಳ್ಳಿ.”

ಹೇಳಿದೆ. ಕೇಳಿಸಿಕೊಳ್ಳುವುದು ಹೇಳುವುದಕ್ಕಿಂತ ಕಷ್ಟವಾಗಿತ್ತು.

ಕ್ಷಮಿಸಿದಳೇ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ. ಕಾಗದವನ್ನು ದಿಂಬಿನ ಕೆಳಗಿಟ್ಟುಕೊಂಡು, ಹನ್ನೊಂದು ಗಂಟೆಯ ಬಿಸಿಲು ಕಿಟಕಿಯಲ್ಲಿ ಇರುವಾಗಲೇ ಮಲಗಿದಳು. ಎರಡು ನಿಮಿಷಕ್ಕೆ ನಿದ್ದೆ. ನಾನು ಪಕ್ಕದ ಕುರ್ಚಿಯಲ್ಲಿ ಎಚ್ಚರವಾಗಿ ಕೂತಿದ್ದೆ.

ಸುಮಿತ್ರಾ ಗೊರಕೆ ಹೊಡೆಯುತ್ತಾಳೆ. ಎದ್ದ ಮೇಲೆ ಹೇಳಿದರೆ ನಂಬುವುದಿಲ್ಲ, ನನ್ನ ಸಾಕ್ಷ್ಯದ ಯೋಗ್ಯತೆ ಈಗ ಅವಳಿಗೆ ಚೆನ್ನಾಗಿ ಗೊತ್ತು. ಆದರೂ ಒಂದು ಚೀಟಿ ತೆಗೆದುಕೊಂಡು ಹೆಸರಿನ ಜಾಗದಲ್ಲಿ ‘ಗೊರಕೆ’ ಎಂದೂ, ಸ್ಥಳ, ತಾರೀಖನ್ನೂ ಬರೆದು, ಅವಳ ಕಣ್ಣಿಗೆ ಬೀಳುವ ಜಾಗದಲ್ಲೇ ಇಟ್ಟೆ.